ಬ್ಲಾಗಿಗೆ ಕಟ್ಟಿದ ಬೇಲಿ ಓದುಗರನ್ನೇ ತಡೆದಾಗ: ಎಚ್‌ಟಿಆಕ್ಸೆಸ್ ದೋಷ ಹುಡುಕುವ ಬಗೆ

ಮಲೆನಾಡಿನ ಕಡೆಯ ನಮ್ಮ ಹೈಸ್ಕೂಲ್ ಮೇಷ್ಟ್ರು ನಿವೃತ್ತರಾದ ಮೇಲೆ ವರ್ಡ್‌ಪ್ರೆಸ್‌ನಲ್ಲಿ ಒಂದು ಬ್ಲಾಗ್ ಬರೆಯುತ್ತಾರೆ. ಮಳೆ, ಅಡಿಕೆ, ಹಳೇ ಕಾಲದ ಮದುವೆ ಊಟ, ಹೀಗೆ. ಒಂದು ದಿನ ಬೆಳಿಗ್ಗೆ ಫೋನ್ ಬಂತು.

"ಏನೋ ಮಾರಾಯ, ನಮ್ಮ ಬ್ಲಾಗಲ್ಲಿ ಇಂಗ್ಲಿಷಲ್ಲಿ ಹುಡುಕಿದ್ರೆ ಸಿಗುತ್ತೆ. ಕನ್ನಡದಲ್ಲಿ ಮಳೆ ಅಂತ ಹುಡುಕಿದ್ರೆ ಫರ್ಬಿಡನ್ ಅನ್ನುತ್ತೆ. ಕನ್ನಡಕ್ಕೆ ನಿಷೇಧ ಹಾಕಿದ್ಯಾ?"

"ಇಲ್ಲ ಸರ್, ನೋಡ್ತೀನಿ" ಎಂದೆ. ಆದರೆ ಹಾಕಿದವನು ನಾನೇ. ಅದಕ್ಕೆ ಒಂದು ವಾರ ಮುಂಚೆ ಯಾವುದೋ ಬಾಟ್ (ತಾನಾಗೇ ಓಡುವ ಪ್ರೋಗ್ರಾಂ) ರಾತ್ರಿಯಿಡೀ ಅವರ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಊಹಿಸುತ್ತಾ ಕೂತಿತ್ತು. ನಾನು ಗಾಬರಿಯಾಗಿ ಎಲ್ಲೆಲ್ಲಿಂದಲೋ ಸುಮಾರು 120 ಸಾಲು ಸೆಕ್ಯುರಿಟಿ ನಿಯಮ ತಂದು ಎಚ್‌ಟಿಆಕ್ಸೆಸ್ ಫೈಲಿಗೆ, ಅಂದರೆ ಬ್ಲಾಗಿನ ಫೋಲ್ಡರಿನಲ್ಲಿ ಕೂತು ಸರ್ವರಿಗೆ ನಿಯಮ ಹೇಳುವ ಫೈಲಿಗೆ, ಅಂಟಿಸಿದ್ದೆ. ಮುಖಪುಟ ತೆರೆಯಿತು, ಲಾಗಿನ್ ಆಯಿತು, ಸರಿ ಎಂದು ಮಲಗಿದ್ದೆ.

ಆ ದೋಷ ಹೇಗೆ ಸಿಕ್ಕಿತು, ಆಮೇಲೆ ಬೇರೆಯವರ ಬ್ಲಾಗುಗಳಲ್ಲಿ ಇಂಥದ್ದೇ ಏನೇನು ಕಂಡೆ, ಅದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಅಪಾಚೆ ಸರ್ವರ್ ಮೇಲೆ ವರ್ಡ್‌ಪ್ರೆಸ್ ಇದೆ ಎಂದು ಇಟ್ಟುಕೊಂಡಿದ್ದೇನೆ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ಬಗ್ಗೆಯೂ ಎರಡು ಮಾತಿದೆ. ನಿಯಮಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಕಾಪಿ ಮಾಡಿ ಅಂಟಿಸೋಕೆ ಇಲ್ಲಿ ಏನೂ ಸಿಗುವುದಿಲ್ಲ. ಅಂಟಿಸಿಯೇ ಅಲ್ವಾ ಇಷ್ಟೆಲ್ಲ ಆಗಿದ್ದು.

ಮೊದಲು ನಂಬರ್, ಆಮೇಲೆ ಲಾಗ್

"ಬ್ಲಾಗ್ ಓಪನ್ ಆಗ್ತಿಲ್ಲ" ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಸರ್ವರ್ ಯಾವ ನಂಬರ್ ಕೊಟ್ಟಿತು ಎಂದು ನೋಡಿ. 403 ಬಂದರೆ ಯಾವುದೋ ನಿಯಮ ಬೇಕೆಂದೇ ತಡೆದಿದೆ. 500 ಬಂದರೆ ಹೆಚ್ಚಾಗಿ ನಿಯಮವೇ ಸರ್ವರಿಗೆ ಅರ್ಥವಾಗಿಲ್ಲ. 401 ಬಂದರೆ ಪಾಸ್‌ವರ್ಡ್ ಕೇಳುತ್ತಿದೆ. ಮುಖಪುಟ ತೆರೆದು ಒಳಗಿನ ಬರಹಗಳೆಲ್ಲ 404 ಆದರೆ ವರ್ಡ್‌ಪ್ರೆಸ್‌ನ ಸ್ವಂತ ರಿರೈಟ್ ಭಾಗ (ಬಂದ ವಿಳಾಸವನ್ನು ಸರಿಯಾದ ಕಡೆ ತಿರುಗಿಸುವ ಸಾಲುಗಳು) ಅಳಿಸಿಹೋಗಿದೆ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಿನಲ್ಲಿ ಈ ನಂಬರ್ ನೋಡಬಹುದು. ಟರ್ಮಿನಲ್ ಅಭ್ಯಾಸ ಇದ್ದರೆ ಕರ್ಲ್ ಎಂಬ ಆಜ್ಞೆ ಇನ್ನೂ ಒಳ್ಳೆಯದು, ಅದಕ್ಕೆ ಹಳೆಯ ಕ್ಯಾಶ್ ಕಾಟ ಇಲ್ಲ.

ತೊಂದರೆ ಎಷ್ಟು ಗಂಟೆಗೆ ಆಯಿತು ಎಂದೂ ಬರೆದುಕೊಳ್ಳಿ. ಎಷ್ಟೋ ಸರ್ವರುಗಳ ಗಡಿಯಾರ ಯುಟಿಸಿಯಲ್ಲಿ ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮೇಷ್ಟ್ರು ಬೆಳಿಗ್ಗೆ 10ಕ್ಕೆ ಹುಡುಕಿದ್ದು ಲಾಗಿನಲ್ಲಿ 4:30 ಎಂದು ಇತ್ತು. ನಾನು 10 ಗಂಟೆಯ ಸಾಲುಗಳನ್ನು ಹುಡುಕುತ್ತಾ ಅರ್ಧ ಗಂಟೆ ಹಾಳು ಮಾಡಿದೆ.

ಲಾಗ್ ಎರಡು. ಯಾರು ಏನು ಕೇಳಿದರು, ಸರ್ವರ್ ಯಾವ ನಂಬರ್ ಕೊಟ್ಟಿತು ಎಂಬುದು ಆಕ್ಸೆಸ್ ಲಾಗಿನಲ್ಲಿರುತ್ತದೆ. ಯಾಕೆ ಕೊಟ್ಟಿತು ಎಂಬುದು ಎರರ್ ಲಾಗಿನಲ್ಲಿ. ಉಬುಂಟು, ಡೆಬಿಯನ್ ಆದರೆ ಎರಡೂ ವಾರ್ ಲಾಗ್ ಒಳಗೆ ಅಪಾಚೆ2 ಎಂಬ ಫೋಲ್ಡರಿನಲ್ಲಿ ಸಿಗುತ್ತವೆ. ರೆಡ್‌ಹ್ಯಾಟ್ ಬಳಗದಲ್ಲಿ ಆ ಫೋಲ್ಡರಿನ ಹೆಸರು ಎಚ್‌ಟಿಟಿಪಿಡಿ. ಶೇರ್ಡ್ ಹೋಸ್ಟಿಂಗ್ ಆದರೆ ಸಿಪ್ಯಾನೆಲ್‌ನಲ್ಲಿ ಎರರ್ಸ್ ಎಂಬ ಕಡೆ ಇತ್ತೀಚಿನ ಸಾಲುಗಳು ಕಾಣುತ್ತವೆ.

403 ಬಂದಾಗ ಎರರ್ ಲಾಗ್ ಬಹಳಷ್ಟು ಹೇಳಿಬಿಡುತ್ತದೆ. "ಕ್ಲೈಂಟ್ ಡಿನೈಡ್ ಬೈ ಸರ್ವರ್ ಕಾನ್ಫಿಗರೇಶನ್" ಎಂಬ ಸಾಲಿದ್ದು ಅದರ ಮುಂದೆ ಎಎಚ್01630 ಇದ್ದರೆ ತಡೆದದ್ದು ಹೊಸ ಕಾಲದ ರಿಕ್ವೈರ್ ನಿಯಮ. ಅದೇ ಮಾತಿನ ಮುಂದೆ ಎಎಚ್01797 ಇದ್ದರೆ ಹಳೇ ಕಾಲದ ಆರ್ಡರ್, ಡಿನೈ ಜೋಡಿ. ಎಎಚ್01276 ಇದ್ದರೆ ಫೋಲ್ಡರಿನೊಳಗೆ ಇಂಡೆಕ್ಸ್ ಫೈಲ್ ಇಲ್ಲ, ಪಟ್ಟಿ ತೋರಿಸುವುದನ್ನೂ ನೀವೇ ಮುಚ್ಚಿದ್ದೀರಿ ಎಂದರ್ಥ. ಅದು ಎಷ್ಟೋ ಸಲ ದೋಷವೇ ಅಲ್ಲ, ನಿಮಗೆ ಬೇಕಾದದ್ದೇ. ಮಾಡ್‌ಸೆಕ್ಯುರಿಟಿ ಎಂಬ ಹೆಸರಿದ್ದರೆ ನಿಮ್ಮ ಫೈಲನ್ನು ಬಿಡಿ. ತಡೆದದ್ದು ಹೋಸ್ಟಿಂಗ್‌ನವರು ಹಾಕಿದ ಫೈರ್‌ವಾಲ್.

ಆಕ್ಸೆಸ್ ಲಾಗಿನಲ್ಲಿ 403 ಇದೆ, ಎರರ್ ಲಾಗಿನಲ್ಲಿ ಮಾತ್ರ ಒಂದಕ್ಷರವೂ ಇಲ್ಲ. ಹಾಗಾದರೆ? ಆಗ ಅನುಮಾನ ರಿರೈಟ್ ನಿಯಮದ ಮೇಲೆ. ಎಫ್ ಎಂಬ ಫ್ಲ್ಯಾಗ್ ಇರುವ ರಿರೈಟ್‌ರೂಲ್ ಸುಮ್ನೆ ಬಾಗಿಲು ಹಾಕುತ್ತದೆ. ಲಾಗ್ ಮಟ್ಟವನ್ನು ಟ್ರೇಸ್‌ಗೆ ಏರಿಸದಿದ್ದರೆ ಏನೂ ಬರೆಯುವುದಿಲ್ಲ. ಮೇಷ್ಟ್ರ ಬ್ಲಾಗಿನ ಲಾಗ್ ಹೀಗೇ ಇತ್ತು. ಅಂದರೆ 120 ಸಾಲುಗಳಲ್ಲಿ ರಿರೈಟ್ ಸಾಲುಗಳನ್ನಷ್ಟೇ ನೋಡಿದರೆ ಸಾಕು.

ಕನ್ನಡವೇ ದಾಳಿ ಎಂದುಕೊಂಡ ಸಾಲು

ಸಿಕ್ಕ ಸಾಲು ಇದು. ವಿಳಾಸದಲ್ಲಿ ಪ್ರಶ್ನೆಚಿಹ್ನೆಯ ನಂತರ ಬರುವ ಭಾಗಕ್ಕೆ ಕ್ವೆರಿ ಸ್ಟ್ರಿಂಗ್ ಎನ್ನುತ್ತಾರೆ. ಅದರಲ್ಲಿ %0, %ಎ, %ಬಿ, %ಸಿ, %ಡಿ, %ಇ, %ಎಫ್ ಇವುಗಳಲ್ಲಿ ಯಾವುದಾದರೂ ಇದ್ದರೆ 403 ಕೊಡು ಎಂದು ಅದು ಹೇಳುತ್ತದೆ. ಇಂಗ್ಲಿಷ್ ಬ್ಲಾಗಿಗೆ ಇದು ಹೆಚ್ಚೇನೂ ತೊಂದರೆ ಕೊಡದು. ದಾಳಿ ಮಾಡುವವರು ತಮ್ಮ ಕೋಡನ್ನು ಶೇಕಡಾ ಚಿಹ್ನೆಗಳಲ್ಲಿ ಅಡಗಿಸಿ ಕಳಿಸುವುದು ಉಂಟು, ಅದಕ್ಕೆ ಬರೆದದ್ದು.

ಈಗ ಕನ್ನಡ ನೋಡಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಯುಟಿಎಫ್-8ರಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು. ಮೊದಲ ಬೈಟ್ ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3. ವಿಳಾಸದಲ್ಲಿ ಹೋಗುವಾಗ ಪ್ರತಿ ಬೈಟಿನ ಮುಂದೆ ಒಂದು ಶೇಕಡಾ ಚಿಹ್ನೆ. ಅಂದರೆ "ಮಳೆ" ಎಂಬ ಪದ ಮ, ಳ, ಎತ್ವ ಎಂದು ಮೂರು ಚಿಹ್ನೆಯಾಗಿ ಹೀಗೆ ಹೋಗುತ್ತದೆ: %ಇ0%ಬಿ2%ಎಇ%ಇ0%ಬಿ2%ಬಿ3%ಇ0%ಬಿ3%86. ಎರಡಕ್ಷರದ ಪದ 27 ಅಕ್ಷರ ಆಯಿತು. ಮೊದಲ ಹೆಜ್ಜೆಯಲ್ಲೇ %ಇ ಇದೆ. ಕನ್ನಡದ ಯಾವ ಅಕ್ಷರವೂ ಈ ಜರಡಿಯಿಂದ ಪಾರಾಗುವುದಿಲ್ಲ. ಮೇಷ್ಟ್ರು ತಮಾಷೆಗೆ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು.

ಹಾಗಾದರೆ ಕನ್ನಡ ವಿಳಾಸದ ಬರಹಗಳು ಹೇಗೆ ತೆರೆಯುತ್ತಿದ್ದವು? ನನಗೂ ಅದೇ ತಲೆ ಕೆಡಿಸಿತ್ತು. ಪ್ರಶ್ನೆಚಿಹ್ನೆಗಿಂತ ಮುಂಚಿನ ಭಾಗವನ್ನು ಅಪಾಚೆ ಮೊದಲು ಬಿಡಿಸಿ, ಶೇಕಡಾ ಚಿಹ್ನೆ ತೆಗೆದು, ಆಮೇಲೆ ರಿರೈಟ್ ನಿಯಮಕ್ಕೆ ಕೊಡುತ್ತದೆ. ಕ್ವೆರಿ ಸ್ಟ್ರಿಂಗನ್ನು ಮಾತ್ರ ಬಂದ ಹಾಗೇ, ಶೇಕಡಾ ಚಿಹ್ನೆಗಳ ಸಮೇತ ಕೊಡುತ್ತದೆ. ಅದಕ್ಕೇ ಬರಹ ತೆರೆಯಿತು, ಹುಡುಕಾಟ ಕೆಟ್ಟಿತು. ಅಡ್ಮಿನ್ ಒಳಗೆ ಕನ್ನಡ ಟ್ಯಾಗ್ ಮೇಲೆ ಒತ್ತಿ ಬರಹಗಳ ಪಟ್ಟಿ ತೆಗೆದರೂ 403 ಬರುತ್ತಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಇದೇ ನಿಯಮವನ್ನು ಕ್ವೆರಿ ಸ್ಟ್ರಿಂಗ್ ಬದಲು ದಿ ರಿಕ್ವೆಸ್ಟ್ ಎಂಬ ಚರದ ಮೇಲೆ ಹಾಕಿದ್ದರೆ ಕನ್ನಡ ವಿಳಾಸದ ಬರಹಗಳೂ ಮುಚ್ಚಿಹೋಗುತ್ತಿದ್ದವು. ಅದು ಬಿಡಿಸದೆ ಇರುವ ಪೂರ್ತಿ ಸಾಲು.

ಸಾಲನ್ನು ಪೂರ್ತಿ ತೆಗೆಯಬೇಕೆಂದೇನೂ ಇಲ್ಲ. ನಿಜವಾಗಿ ತಡೆಯಬೇಕಾದದ್ದು %00, %0ಎ, %0ಡಿ ಈ ಮೂರು. ಇವು ಶೂನ್ಯ ಬೈಟ್ ಮತ್ತು ಸಾಲು ಮುರಿಯುವ ಚಿಹ್ನೆಗಳು. ಅಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟರೆ ಕನ್ನಡ ಹುಡುಕಾಟ ಬದುಕುತ್ತದೆ.

ಇದರ ತಮ್ಮ ಇನ್ನೊಂದು ನಿಯಮ ಇದೆ: ವಿಳಾಸ 255 ಅಕ್ಷರಕ್ಕಿಂತ ಉದ್ದ ಇದ್ದರೆ ತಡೆ ಎನ್ನುವುದು. ಇಂಗ್ಲಿಷಿಗೆ 255 ಅಂದರೆ ನಾಲ್ಕು ಸಾಲು. ಕನ್ನಡಕ್ಕೆ ಒಂದು ಚಿಹ್ನೆಗೆ ಒಂಬತ್ತರ ಲೆಕ್ಕದಲ್ಲಿ 28 ಚಿಹ್ನೆ, ಗುಣಿತ ಒತ್ತು ಎಲ್ಲ ಸೇರಿ. ಹುಡುಕಾಟದ ಪೆಟ್ಟಿಗೆಯಲ್ಲಿ ನಾಲ್ಕು ಪದ ಬರೆದರೆ ಮುಗಿಯಿತು.

ನಡುವೆ ಒಂದು ಮಾತು. ಮೇಷ್ಟ್ರು ಇದೇ ಹೊತ್ತಿಗೆ ಇನ್ನೊಂದು ದೂರು ಹೇಳಿದ್ದರು. "ಮಲೆನಾಡಿನ ಮುಂಗಾರು ಮಳೆಯ ನೆನಪು" ಎಂಬ ಬರಹದ ವಿಳಾಸ "ನೆ" ಎನ್ನುವಲ್ಲಿಗೆ ತುಂಡಾಗಿದೆ ಎಂದು. ಅದಕ್ಕೂ ನನ್ನ ನಿಯಮಕ್ಕೂ ಸಂಬಂಧ ಇಲ್ಲ. ವರ್ಡ್‌ಪ್ರೆಸ್ ವಿಳಾಸದ ತುಂಡಿಗೆ 200 ಅಕ್ಷರ ಮಾತ್ರ ಇಟ್ಟುಕೊಂಡಿದೆ. "ನೆ"ವರೆಗೆ 192 ಆಗುತ್ತದೆ, ಮುಂದಿನ ನ ಸೇರಿದರೆ 201. ಅಲ್ಲಿಗೆ ಕತ್ತರಿ. ಕನ್ನಡದಲ್ಲಿ ಬ್ಲಾಗ್ ಬರೆಯುವವರು ವಿಳಾಸವನ್ನು ಕೈಯಾರೆ ಚಿಕ್ಕದು ಮಾಡಿಕೊಳ್ಳುವುದು ಒಳ್ಳೆಯದು.

ಅರ್ಧ ಮಾಡುತ್ತಾ ಹೋಗುವುದು, ಮತ್ತು ನಾನು ಮಾಡಿದ ಎಡವಟ್ಟು

ಸಾಲನ್ನು ಹುಡುಕಿದ್ದು ಅರ್ಧರ್ಧ ಮಾಡಿ. ಮೊದಲು ಫೈಲಿನ ಒಂದು ಪ್ರತಿ ಬೇರೆ ಕಡೆ ಇಡಿ. ಆಮೇಲೆ ವರ್ಡ್‌ಪ್ರೆಸ್‌ನ ಭಾಗವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತೆಗೆದು ನೋಡಿ. ಬಿಗಿನ್ ವರ್ಡ್‌ಪ್ರೆಸ್, ಎಂಡ್ ವರ್ಡ್‌ಪ್ರೆಸ್ ಎಂಬ ಎರಡು ಗುರುತಿನ ನಡುವೆ ಇರುವುದೇ ಆ ಭಾಗ. ತೊಂದರೆ ಹೋಯಿತೇ? ಹಾಗಾದರೆ ತಪ್ಪು ನಿಮ್ಮ ಸಾಲುಗಳಲ್ಲೇ ಇದೆ. ಅರ್ಧ ವಾಪಸ್ ಹಾಕಿ, ಪರೀಕ್ಷೆ ಮಾಡಿ. ಮತ್ತೆ ಅರ್ಧ. 120 ಸಾಲಿಗೆ ಏಳು ಸಲ ಸಾಕು.

ಆ ಎರಡು ಗುರುತಿನ ನಡುವೆ ನಿಮ್ಮದೇನನ್ನೂ ಬರೆಯಬೇಡಿ. ಪರ್ಮಾಲಿಂಕ್ ಪುಟದಲ್ಲಿ ಸೇವ್ ಒತ್ತಿದಾಗ ವರ್ಡ್‌ಪ್ರೆಸ್ ಆ ಭಾಗವನ್ನು ಹೊಸದಾಗಿ ಬರೆಯುತ್ತದೆ, ನಿಮ್ಮ ಸಾಲು ಹೇಳದೆ ಕೇಳದೆ ಹೋಗುತ್ತದೆ. ನಿಮ್ಮ ನಿಯಮಗಳಿಗೆ ಅದರ ಮೇಲಿನ ಜಾಗವೇ ಸರಿ.

ಅರ್ಧ ಮಾಡುವಾಗ ಎಲ್ಲಿ ಬೇಕಾದರೂ ಕತ್ತರಿಸುವಂತಿಲ್ಲ. ಷರತ್ತು ಹೇಳುವ ರಿರೈಟ್‌ಕಾಂಡ್ ಸಾಲುಗಳು ತಮ್ಮ ಕೆಳಗೆ ಬರುವ ಮೊದಲ ರಿರೈಟ್‌ರೂಲಿಗೆ ಮಾತ್ರ ಸೇರಿದವು. ರೂಲನ್ನು ತೆಗೆದು ಕಾಂಡ್‌ಗಳನ್ನು ಉಳಿಸಿದರೆ ಅವು ಮುಂದಿನ ಯಾವುದೋ ರೂಲಿಗೆ ಅಂಟಿಕೊಳ್ಳುತ್ತವೆ. ಆಗ ಹೊಸ ದೋಷ ಹುಟ್ಟಿ, ಹಳೆಯದನ್ನು ಹುಡುಕುತ್ತಿದ್ದೇವೋ ಹೊಸದನ್ನೋ ಗೊತ್ತಾಗದೆ ಹೋಗುತ್ತದೆ.

ನನ್ನ ಎಡವಟ್ಟು ಬೇರೆ ಥರದ್ದು. ಆ %ಇ ಸಾಲು ಎಂಟು ಕಾಂಡ್‌ಗಳ ಸರಪಳಿಯಲ್ಲಿ ಕೊನೆಯದಾಗಿತ್ತು. ಅದನ್ನು ಅಳಿಸಿ ಸೇವ್ ಮಾಡಿದೆ. ಎರಡು ನಿಮಿಷಕ್ಕೆ ಮೇಷ್ಟ್ರ ಫೋನ್.

"ಈಗ ಇಂಗ್ಲಿಷೂ ಇಲ್ಲ ಮಾರಾಯ. ಪೂರ್ತಿ ಬ್ಲಾಗೇ ಫರ್ಬಿಡನ್."

ಆದದ್ದು ಇಷ್ಟು. ಸರಪಳಿಯಲ್ಲಿ ಕೊನೆಯದು ಬಿಟ್ಟು ಉಳಿದ ಎಲ್ಲ ಸಾಲಿಗೂ ಆರ್ (ಇಂಗ್ಲಿಷಿನ ಓ, ಆರ್ ಎಂಬ ಎರಡಕ್ಷರ) ಎಂಬ ಫ್ಲ್ಯಾಗ್ ಇರುತ್ತದೆ, "ಅಥವಾ" ಎಂಬ ಅರ್ಥದಲ್ಲಿ. ಕೊನೆಯ ಸಾಲನ್ನು ತೆಗೆದಾಗ ಅದರ ಹಿಂದಿನದು ಕೊನೆಯದಾಯಿತು. ಅದರ "ಅಥವಾ" ಹಾಗೇ ನೇತಾಡುತ್ತಾ ಉಳಿಯಿತು. ಕೊನೆಯ ಕಾಂಡ್ ಮೇಲೆ "ಅಥವಾ" ಇದ್ದರೆ ಅಪಾಚೆ ಯಾವ ಷರತ್ತೂ ನೋಡದೆ ರೂಲನ್ನು ನಡೆಸಿಬಿಡುತ್ತದೆ. ರೂಲ್ ಹೇಳುವುದೋ 403. ಹೀಗಾಗಿ ಬಂದವರಿಗೆಲ್ಲ 403. ಸರಪಳಿಯ ಕೊನೆಯ ಸಾಲಿನಲ್ಲಿ ಆರ್ ಇರಬಾರದು ಎಂಬುದನ್ನು ನಾನು ಆವತ್ತಿನ ಮೇಲೆ ಮರೆತಿಲ್ಲ.

500 ಬಂದರೆ

ಇದು ಸುಲಭ. ಯಾವ ಫೈಲಿನಲ್ಲಿ, ಯಾವ ನಿಯಮದಲ್ಲಿ ತಪ್ಪು ಎಂದು ಎರರ್ ಲಾಗ್ ಹೇಳುತ್ತದೆ.

ನಾನು ಜಾಸ್ತಿ ಕಂಡಿರುವುದು ಬಾಗಿದ ಉದ್ಧರಣ ಚಿಹ್ನೆಗಳ ತಪ್ಪು. ಯಾರದೋ ಬರಹದಿಂದ ಕಾಪಿ ಮಾಡಿದಾಗ ನೇರ ಚಿಹ್ನೆಗಳ ಬದಲು ಚಂದದ ಬಾಗಿದ ಚಿಹ್ನೆಗಳು ಬಂದಿರುತ್ತವೆ. ಹಾಗೆ ಬಾಗಿಸುವುದು ಎಷ್ಟೋ ಸಲ ವರ್ಡ್‌ಪ್ರೆಸ್ಸೇ. ಪಾಸ್‌ವರ್ಡ್ ಪೆಟ್ಟಿಗೆಗೆ ಹೆಸರು ಕೊಡುವ ಆತ್‌ನೇಮ್ ಸಾಲಿನಲ್ಲಿ ಎರಡು ಪದದ ಹೆಸರನ್ನು ಇಂಥ ಚಿಹ್ನೆಯೊಳಗೆ ಹಾಕಿದರೆ ಅಪಾಚೆ ಅದನ್ನು ಒಂದೇ ಹೆಸರು ಎಂದು ಓದುವುದಿಲ್ಲ, ಬಿದ್ದುಬಿಡುತ್ತದೆ.

ಹಳೆಯ ಆರ್ಡರ್, ಡಿನೈ, ಅಲೋ ಸಾಲುಗಳು ಅಪಾಚೆ 2.2ರ ಕಾಲದವು. 2012ರಲ್ಲಿ ಬಂದ 2.4ರಲ್ಲಿ ಅದೇ ಕೆಲಸಕ್ಕೆ ರಿಕ್ವೈರ್ ಆಲ್ ಡಿನೈಡ್ ಎಂದು ಬರೆಯಬೇಕು. ಹಳೆಯದಕ್ಕಾಗಿ ಆಕ್ಸೆಸ್ ಕಂಪಾಟ್ ಎಂಬ ಮಾಡ್ಯೂಲ್ ಇದೆ. ಅದಿಲ್ಲದ ಸರ್ವರಿನಲ್ಲಿ "ಇನ್‌ವ್ಯಾಲಿಡ್ ಕಮಾಂಡ್ ಆರ್ಡರ್" ಎಂದು 500 ಬರುತ್ತದೆ. ಅದಿದ್ದರೆ ಇನ್ನೂ ಕಷ್ಟ. ಎರಡೂ ಥರದ ಸಾಲು ಒಂದೇ ಫೈಲಿನಲ್ಲಿ ಇದ್ದಾಗ ಯಾವುದು ಗೆಲ್ಲುತ್ತದೆ ಎಂದು ಊಹಿಸುತ್ತಾ ಕೂರಬೇಕು. ಎಲ್ಲವನ್ನೂ ರಿಕ್ವೈರ್‌ಗೆ ಬದಲಿಸಿಬಿಡಿ.

ಪಿಎಚ್‌ಪಿ ವ್ಯಾಲ್ಯೂ, ಪಿಎಚ್‌ಪಿ ಫ್ಲ್ಯಾಗ್ ಸಾಲುಗಳು ಪಿಎಚ್‌ಪಿ ಅಪಾಚೆಯ ಒಳಗೇ ಮಾಡ್ಯೂಲ್ ಆಗಿ ಓಡುವಾಗ ಮಾತ್ರ ನಡೆಯುತ್ತವೆ. ಹೋಸ್ಟಿಂಗ್‌ನವರು ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಬೇರೆಯಾಗಿ ಓಡಿಸುವ ಎಫ್‌ಪಿಎಂಗೆ ಬದಲಾಯಿಸಿದ ದಿನ ಅವೇ ಸಾಲು 500 ಕೊಡುತ್ತವೆ. ನೀವು ಏನನ್ನೂ ಮುಟ್ಟದೆ ಬ್ಲಾಗ್ ಬಿದ್ದರೆ ಮೊದಲು ಇದನ್ನು ನೋಡಿ. ಆ ಸೆಟ್ಟಿಂಗ್‌ಗಳು ಡಾಟ್ ಯೂಸರ್ ಡಾಟ್ ಐಎನ್‌ಐ ಫೈಲಿಗೆ ಹೋಗಬೇಕು. ಬದಲಾವಣೆ ಕಾಣಲು 5 ನಿಮಿಷ ಕಾಯಬೇಕಾಗಬಹುದು, ಪಿಎಚ್‌ಪಿ ಅದನ್ನು ಸಾಮಾನ್ಯವಾಗಿ 300 ಸೆಕೆಂಡಿಗೊಮ್ಮೆ ಓದುತ್ತದೆ.

ಡೈರೆಕ್ಟರಿ ಎಂಬ ಬ್ಲಾಕ್ ಎಚ್‌ಟಿಆಕ್ಸೆಸ್‌ನಲ್ಲಿ ನಡೆಯುವುದಿಲ್ಲ, ಫೈಲ್ಸ್ ಮತ್ತು ಫೈಲ್ಸ್‌ಮ್ಯಾಚ್ ನಡೆಯುತ್ತವೆ. ಅಪಾಚೆಯ ಕಾನ್ಫಿಗ್‌ಟೆಸ್ಟ್ ಓಡಿಸಿ "ಸಿಂಟ್ಯಾಕ್ಸ್ ಓಕೆ" ಬಂತು ಎಂದು ನಂಬಬೇಡಿ, ಅದು ಎಚ್‌ಟಿಆಕ್ಸೆಸ್ ಫೈಲುಗಳನ್ನು ತೆರೆದೇ ನೋಡುವುದಿಲ್ಲ.

ಬರಹ ಪಬ್ಲಿಷ್ ಆಗುತ್ತಿಲ್ಲ, ಓದುಗರಿಗೆ ಮಾತ್ರ ಎಲ್ಲ ಸರಿ

ಎಡಿಟರಿನಲ್ಲಿ ಪಬ್ಲಿಷ್ ಒತ್ತಿದರೆ "ಸರಿಯಾದ ಜೇಸನ್ ಉತ್ತರ ಬಂದಿಲ್ಲ" ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಜತೆ ಬಂದ ಬ್ಲಾಕ್ ಎಡಿಟರ್ ಬರಹವನ್ನು ಉಳಿಸುವುದು ರೆಸ್ಟ್ ಎಪಿಐ ಮೂಲಕ, ಅಂದರೆ ಡಬ್ಲ್ಯುಪಿ-ಜೇಸನ್ ಎಂಬ ದಾರಿಯಲ್ಲಿ. ಬಳಕೆದಾರರ ಹೆಸರುಗಳು ಸೋರುತ್ತವೆ ಎಂದು ಆ ದಾರಿಯನ್ನೇ ಮುಚ್ಚುವ ನಿಯಮ ಹಾಕಿದವರು ತಮ್ಮ ಎಡಿಟರನ್ನೇ ಮುಚ್ಚಿದ್ದಾರೆ. ಮುಚ್ಚಬೇಕೆಂದಿದ್ದರೆ ಬಳಕೆದಾರರ ಪಟ್ಟಿ ಕೊಡುವ ಯೂಸರ್ಸ್ ದಾರಿಯನ್ನು ಲಾಗಿನ್ ಆಗದವರಿಗೆ ಮಾತ್ರ ಮುಚ್ಚಬೇಕು. ಅದು ವರ್ಡ್‌ಪ್ರೆಸ್ ಒಳಗೆ ಮಾಡುವ ಕೆಲಸ, ಸರ್ವರಿಗೆ ಯಾರು ಲಾಗಿನ್ ಆಗಿದ್ದಾರೆ ಎಂಬುದು ಸರಿಯಾಗಿ ಗೊತ್ತಾಗದು.

ಇದಕ್ಕೆ ಜೋಡಿ ಇನ್ನೊಂದು. ಪ್ರಶ್ನೆಚಿಹ್ನೆಯ ಮುಂದೆ ಆಥರ್=1 ಎಂದು ಹಾಕಿ ಬಳಕೆದಾರರ ಹೆಸರು ಹುಡುಕುವ ಚಾಳಿ ಬಾಟ್‌ಗಳಿಗಿದೆ. ಅದನ್ನು ತಡೆಯುವ ಸಾಲನ್ನು ಬಹಳ ಜನ ಹಾಕುತ್ತಾರೆ. ಆದರೆ ಅಡ್ಮಿನ್ ಒಳಗೆ ಒಬ್ಬ ಲೇಖಕರ ಬರಹಗಳನ್ನಷ್ಟೇ ತೋರಿಸುವ ಕೊಂಡಿಯಲ್ಲೂ ಅದೇ ಆಥರ್=1 ಇರುತ್ತದೆ. ನಾಲ್ಕು ಜನ ಸೇರಿ ಬರೆಯುವ ಬ್ಲಾಗಿನಲ್ಲಿ "ನನ್ನ ಬರಹ ಕಾಣ್ತಿಲ್ಲ" ಎಂಬ ದೂರು ಹೀಗೆ ಬರುತ್ತದೆ. ವಿಳಾಸ ಡಬ್ಲ್ಯುಪಿ-ಅಡ್ಮಿನ್‌ನಿಂದ ಶುರುವಾಗದಿದ್ದರೆ ಮಾತ್ರ ಎಂಬ ಒಂದು ಕಾಂಡ್ ಸೇರಿಸಿದರೆ ಸರಿಹೋಗುತ್ತದೆ.

ಡಬ್ಲ್ಯುಪಿ-ಅಡ್ಮಿನ್ ಫೋಲ್ಡರಿಗೆ ಪೂರ್ತಿ ಪಾಸ್‌ವರ್ಡ್ ಹಾಕಿದವರ ಬ್ಲಾಗಿನಲ್ಲಿ ಓದುಗರಿಗೇ ಪಾಸ್‌ವರ್ಡ್ ಪೆಟ್ಟಿಗೆ ಎದ್ದು ನಿಲ್ಲಬಹುದು. ಆ ಫೋಲ್ಡರಿನೊಳಗಿನ ಅಡ್ಮಿನ್-ಅಜಾಕ್ಸ್ ಫೈಲನ್ನು ಎಷ್ಟೋ ಪ್ಲಗಿನ್‌ಗಳು ಹೊರಗಿನ ಪುಟಗಳಿಗೂ ಬಳಸುತ್ತವೆ. ಆ ಒಂದು ಫೈಲಿಗೆ ಮಾತ್ರ ರಿಕ್ವೈರ್ ಆಲ್ ಗ್ರಾಂಟೆಡ್ ಕೊಡಬೇಕು.

ಒಂದೇ ಒಂದು ಬರಹ ಸೇವ್ ಆಗುವುದಿಲ್ಲ, ಬೇರೆಲ್ಲ ಆಗುತ್ತವೆ ಎಂದಾದರೆ ಬರಹದ ಒಳಗೆ ನೋಡಿ. ಅದರಲ್ಲಿ ಡೇಟಾಬೇಸ್ ಆಜ್ಞೆಯ ಉದಾಹರಣೆಯೋ, ಇಟಿಸಿ ಪಾಸ್‌ವರ್ಡ್ ಫೈಲಿನ ದಾರಿಯೋ ಇದ್ದರೆ ಮಾಡ್‌ಸೆಕ್ಯುರಿಟಿ ಅದನ್ನು ದಾಳಿ ಎಂದುಕೊಳ್ಳುತ್ತದೆ. ಲಾಗಿನಲ್ಲಿ ನಿಯಮದ ಸಂಖ್ಯೆ ಸಿಗುತ್ತದೆ. ಮಾಡ್‌ಸೆಕ್ಯುರಿಟಿಗೆ ಬಹಳ ಕಡೆ ಹಾಕುವ ಒವಾಸ್ಪ್ ನಿಯಮಗಳಾದರೆ 942ರಿಂದ ಶುರುವಾಗುವುದು ಡೇಟಾಬೇಸ್ ದಾಳಿಯದು, 941ರಿಂದ ಶುರುವಾಗುವುದು ಸ್ಕ್ರಿಪ್ಟ್ ತೂರಿಸುವುದರದು. 949110 ಮಾತ್ರ ಕಂಡರೆ ಅದು ಒಟ್ಟು ಅಂಕ ನೋಡಿ ತಡೆದ ಸಾಲು, ನಿಜವಾದ ಕಾರಣ ಅದರ ಮೇಲಿನ ಸಾಲುಗಳಲ್ಲಿದೆ. ಸಂಖ್ಯೆ ಹೇಳಿ ಆ ಒಂದನ್ನು ಮಾತ್ರ ಆಫ್ ಮಾಡಲು ಹೋಸ್ಟಿಂಗ್‌ನವರನ್ನು ಕೇಳಿ. ಪೂರ್ತಿ ಫೈರ್‌ವಾಲ್ ಆಫ್ ಮಾಡಿಕೊಡಿ ಎಂದು ಕೇಳಬೇಡಿ, ಕೆಲವರು ಕೊಟ್ಟೂಬಿಡುತ್ತಾರೆ.

ಲಾಗಿನ್ ಪುಟದ ಬೀಗ

ಮೇಷ್ಟ್ರ ಬ್ಲಾಗಿಗೆ ಬಂದ ನಿಜವಾದ ಕಾಟ ಇದೇ ಆಗಿತ್ತಲ್ಲ. ಲಾಗಿನ್ ಫೈಲನ್ನು ಮನೆಯ ಐಪಿಗೆ ಮಾತ್ರ ತೆರೆದಿಡುವ ಉಪಾಯ ನಮ್ಮ ಕಡೆ ಬಾಳುವುದಿಲ್ಲ. ಮನೆಯ ಬ್ರಾಡ್‌ಬ್ಯಾಂಡಿನ ಐಪಿ ಬದಲಾಗುತ್ತಿರುತ್ತದೆ. ಫೋನು ಐಪಿವಿ6ರಲ್ಲಿ ಬರುತ್ತದೆ, ನಿಯಮದಲ್ಲಿ ಐಪಿವಿ4 ಇರುತ್ತದೆ. ಕ್ಲೌಡ್‌ಫ್ಲೇರ್‌ನಂಥದ್ದು ಮಧ್ಯೆ ಇದ್ದರೆ ಸರ್ವರಿಗೆ ಕಾಣುವುದೇ ಅವರ ಐಪಿ. ರಿಮೋಟ್‌ಐಪಿ ಮಾಡ್ಯೂಲ್ ಹಾಕಿ ನಿಜವಾದ ಐಪಿಯನ್ನು ಓದಿಸದಿದ್ದರೆ ನೀವೂ ಕಳ್ಳನೂ ಒಂದೇ.

ಅದಕ್ಕೇ ಲಾಗಿನ್ ಫೈಲಿಗೆ ಬೇಸಿಕ್ ಆತ್ ಪಾಸ್‌ವರ್ಡ್, ಅಂದರೆ ವರ್ಡ್‌ಪ್ರೆಸ್‌ಗಿಂತ ಮುಂಚೆ ಸರ್ವರೇ ಕೇಳುವ ಪಾಸ್‌ವರ್ಡ್, ಹಾಕುವುದು ವಾಸಿ. ಅದರಲ್ಲೂ ಎರಡು ಮುಳ್ಳಿವೆ. ಪಾಸ್‌ವರ್ಡ್ ಪೆಟ್ಟಿಗೆ ಬಾರದೆ ನೇರ 404 ಬಂದರೆ, 401ರ ದೋಷಪುಟವನ್ನು ಹುಡುಕುತ್ತಾ ಸರ್ವರ್ ವರ್ಡ್‌ಪ್ರೆಸ್ ಕೈಗೆ ಸಿಕ್ಕಿಬಿದ್ದಿದೆ ಎಂದರ್ಥ. ಎರರ್‌ಡಾಕ್ಯುಮೆಂಟ್ 401 ಡೀಫಾಲ್ಟ್ ಎಂಬ ಒಂದು ಸಾಲು ಸಾಕು. ಇನ್ನೊಂದು ಯಾರಿಗೂ ಹೊಳೆಯದ್ದು. ಗುಟ್ಟುಪದ ಹಾಕಿದ ಬರಹಗಳನ್ನು ವರ್ಡ್‌ಪ್ರೆಸ್‌ನಲ್ಲಿ ಇಡಬಹುದಲ್ಲ, ಓದುಗರು ಆ ಗುಟ್ಟುಪದ ಬರೆದು ಒತ್ತಿದಾಗ ಅದು ಹೋಗುವುದು ಇದೇ ಲಾಗಿನ್ ಫೈಲಿಗೆ, ಪೋಸ್ಟ್‌ಪಾಸ್ ಎಂಬ ಆಕ್ಷನ್ ಜತೆ. ಲಾಗಿನ್ ಮುಚ್ಚಿದರೆ ಆ ಬರಹಗಳೂ ಮುಚ್ಚಿದಂತೆ. ಮೇಷ್ಟ್ರು ತಮ್ಮ ಮಕ್ಕಳಿಗಾಗಿ ಹಾಗೆ ಒಂದಿಷ್ಟು ಬರೆದಿಟ್ಟಿದ್ದರು, ಆದ್ದರಿಂದ ಆ ಆಕ್ಷನ್‌ಗೆ ವಿನಾಯಿತಿ ಕೊಡಬೇಕಾಯಿತು.

ಹೊರಗಿನ ಪ್ರೋಗ್ರಾಂಗಳು ಬ್ಲಾಗಿನ ಜತೆ ಮಾತಾಡಲು ಇರುವ ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲನ್ನು ನಾನು ಕಣ್ಣುಮುಚ್ಚಿ ಮುಚ್ಚುತ್ತೇನೆ. 2012ರ ವರ್ಡ್‌ಪ್ರೆಸ್ 3.5ರಿಂದ ಅದು ತಾನಾಗೇ ತೆರೆದಿರುತ್ತದೆ. 2014ರಲ್ಲಿ 1.62 ಲಕ್ಷಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳ ಪಿಂಗ್‌ಬ್ಯಾಕ್ (ಒಂದು ಬ್ಲಾಗ್ ಇನ್ನೊಂದಕ್ಕೆ ಕೊಂಡಿ ಕೊಟ್ಟಾಗ ತಿಳಿಸುವ) ಸೌಲಭ್ಯವನ್ನು ಬಳಸಿಕೊಂಡು ಒಂದೇ ತಾಣದ ಮೇಲೆ ದಾಳಿ ಮಾಡಿದ್ದರು, ಆ ಬ್ಲಾಗಿನವರಿಗೆ ಗೊತ್ತೇ ಇಲ್ಲದ ಹಾಗೆ. ಜೆಟ್‌ಪ್ಯಾಕ್ ಪ್ಲಗಿನ್ ಬಳಸುವವರು ಮಾತ್ರ ಮುಚ್ಚುವ ಮೊದಲು ಯೋಚಿಸಬೇಕು, ಅದಕ್ಕೆ ಈ ಬಾಗಿಲು ಬೇಕು.

ಎರಡು ತಿಂಗಳ ಮೇಲೆ ಸಿಡಿಯುವವು

ಚುಕ್ಕೆಯಿಂದ ಶುರುವಾಗುವ ಫೈಲು, ಫೋಲ್ಡರುಗಳನ್ನೆಲ್ಲ ತಡೆಯುವ ನಿಯಮ ಒಳ್ಳೆಯದೇ. ಕೋಡಿನ ಇತಿಹಾಸ ಇಡುವ ಡಾಟ್ ಗಿಟ್ ಫೋಲ್ಡರ್ ಬಯಲಾದರೆ ಕಥೆ ಮುಗಿಯಿತು. ಆದರೆ ಡಾಟ್ ವೆಲ್-ನೋನ್ ಕೂಡ ಚುಕ್ಕೆಯಿಂದಲೇ ಶುರುವಾಗುತ್ತದೆ. ಉಚಿತವಾಗಿ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ನವೀಕರಿಸುವಾಗ ಆ ಫೋಲ್ಡರಿನೊಳಗೆ ಒಂದು ಫೈಲ್ ಇಟ್ಟು ಪರೀಕ್ಷಿಸುತ್ತದೆ. ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನದ್ದು, ನವೀಕರಣ ಶುರುವಾಗುವುದು ಕೊನೆಯ 30 ದಿನದಲ್ಲಿ. ಇವತ್ತು ಹಾಕಿದ ತಪ್ಪು ನಿಯಮದ ಫಲ ಎರಡು ಮೂರು ತಿಂಗಳ ಮೇಲೆ ಕೆಂಪು ಎಚ್ಚರಿಕೆಯಾಗಿ ಕಾಣುತ್ತದೆ. ಅಷ್ಟು ಹೊತ್ತಿಗೆ ನಿಯಮ ಹಾಕಿದ್ದೇ ಯಾರಿಗೂ ನೆನಪಿರುವುದಿಲ್ಲ. ವೆಲ್-ನೋನ್‌ಗೆ ವಿನಾಯಿತಿ ಬರೆದು, ಅದರೊಳಗೆ ಒಂದು ಪುಟ್ಟ ಪಠ್ಯ ಫೈಲ್ ಇಟ್ಟು ಹೊರಗಿನಿಂದ ತೆರೆದು ನೋಡಿ.

ಈ ತಾಣವನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆ ಎಂದು ಬ್ರೌಸರಿಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್ ಇನ್ನೊಂದು. ಮ್ಯಾಕ್ಸ್ ಏಜ್ 31536000 ಎಂದು ಬರೆದರೆ ಓದುಗರ ಬ್ರೌಸರ್ ಒಂದು ವರ್ಷ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಸಾಲನ್ನು ಅಳಿಸಿದರೆ ಅದು ಮರೆಯುವುದಿಲ್ಲ, ಸೊನ್ನೆ ಎಂದು ಬರೆದು ಎಚ್‌ಟಿಟಿಪಿಎಸ್ ಮೇಲೆಯೇ ಕಳಿಸಬೇಕು. ಮೊದಲು 300 ಸೆಕೆಂಡ್ ಇಟ್ಟು ನೋಡಿ.

ದೋಷವೇ ಕಾಣದ ದೋಷ

ನಿಯಮ ಹಾಕಿದಿರಿ, ಏನೂ ಕೆಡಲಿಲ್ಲ. ಆದರೆ ಏನನ್ನಾದರೂ ತಡೆಯುತ್ತಿದೆಯೇ? ಅಪಾಚೆ 2.4ರಲ್ಲಿ ಅಲೋಓವರ್‌ರೈಡ್ ಎಂಬುದರ ಮೂಲ ಬೆಲೆ ನನ್, ಅಂದರೆ ಎಚ್‌ಟಿಆಕ್ಸೆಸ್ ಓದಲೇಬೇಡ ಎಂದು. ಸ್ವಂತ ವಿಪಿಎಸ್ (ತಾವೇ ನೋಡಿಕೊಳ್ಳುವ ಬಾಡಿಗೆ ಸರ್ವರ್) ತೆಗೆದುಕೊಂಡವರು ಇದರಲ್ಲಿ ಬೀಳುತ್ತಾರೆ. ಪರೀಕ್ಷೆ ಸರಳ: ಫೈಲಿನ ಮೊದಲ ಸಾಲಲ್ಲಿ ಅರ್ಥವಿಲ್ಲದ ಒಂದು ಪದ ಬರೆದು ಸೇವ್ ಮಾಡಿ. 500 ಬಂದರೆ ಓದುತ್ತಿದೆ. ಬ್ಲಾಗ್ ಆರಾಮಾಗಿ ತೆರೆದರೆ ನಿಮ್ಮ 120 ಸಾಲನ್ನು ಯಾರೂ ನೋಡುತ್ತಿಲ್ಲ. ಪರೀಕ್ಷೆ ಆದ ಮೇಲೆ ಆ ಪದವನ್ನು ಅಳಿಸಲು ಮರೆಯಬೇಡಿ.

ಇಫ್‌ಮಾಡ್ಯೂಲ್ ಒಳಗೆ ಹಾಕಿದ ಸಾಲುಗಳೂ ಹೀಗೇ. ಮಾಡ್ಯೂಲ್ ಇಲ್ಲದಿದ್ದರೆ ತಪ್ಪೂ ಇಲ್ಲ, ರಕ್ಷಣೆಯೂ ಇಲ್ಲ. ಸೆಕ್ಯುರಿಟಿ ಸಾಲುಗಳಿಗೆ ನಾನು ಇಫ್‌ಮಾಡ್ಯೂಲ್ ಹಾಕುವುದನ್ನು ಬಿಟ್ಟಿದ್ದೇನೆ. ಕೆಟ್ಟರೆ ಕೂಗಿ ಹೇಳಲಿ.

ಎಂಜಿನ್‌ಎಕ್ಸ್ ಎಚ್‌ಟಿಆಕ್ಸೆಸ್ ಫೈಲನ್ನು ಓದುವುದೇ ಇಲ್ಲ, ಎಲ್ಲವೂ ಸರ್ವರ್ ಬ್ಲಾಕಿನಲ್ಲೇ ಇರಬೇಕು. ಅಲ್ಲಿ ರೆಜೆಕ್ಸ್ (ಅಕ್ಷರಗಳ ಮಾದರಿ) ಇರುವ ಲೊಕೇಶನ್‌ಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ತಡೆಯುವ ಬ್ಲಾಕ್, ಸಾಮಾನ್ಯ ಪಿಎಚ್‌ಪಿ ಬ್ಲಾಕಿನ ಕೆಳಗಿದ್ದರೆ ಅದರ ಸರದಿ ಬರುವುದೇ ಇಲ್ಲ. ಮೇಲಕ್ಕೆ ಎಳೆಯಿರಿ.

ಕಾನ್ಫಿಗ್ ಫೈಲನ್ನು ತಡೆದಿದ್ದೇವೆ ಎನ್ನುವವರು ಅದರ ಹಳೆಯ ಪ್ರತಿಯನ್ನು ನೋಡಿರುವುದಿಲ್ಲ. ಬದಲಾವಣೆಗೆ ಮುಂಚೆ ಡಾಟ್ ಬ್ಯಾಕ್, ಡಾಟ್ ಓಲ್ಡ್ ಎಂದು ಒಂದು ಪ್ರತಿ ಇಟ್ಟಿರುತ್ತಾರಲ್ಲ. ಅದು ಪಿಎಚ್‌ಪಿ ಆಗಿ ಓಡುವುದಿಲ್ಲ, ಡೇಟಾಬೇಸ್ ಪಾಸ್‌ವರ್ಡ್ ಸಮೇತ ಪಠ್ಯವಾಗಿ ತೆರೆದುಕೊಳ್ಳುತ್ತದೆ. ಫೈಲ್ಸ್‌ಮ್ಯಾಚ್‌ನಲ್ಲಿ "ಡಬ್ಲ್ಯುಪಿ-ಕಾನ್ಫಿಗ್ ಎಂದು ಶುರುವಾಗುವ ಎಲ್ಲ" ಎಂದು ಬರೆದರೆ ಇವೂ ಸೇರುತ್ತವೆ. ಇನ್ನೂ ಒಳ್ಳೆಯದು ಪ್ರತಿಯನ್ನು ಅಲ್ಲಿ ಇಡದಿರುವುದು.

ಮೇಷ್ಟ್ರ ಫೈಲಿನಲ್ಲಿ ಈಗ ವರ್ಡ್‌ಪ್ರೆಸ್ ಭಾಗ ಬಿಟ್ಟರೆ 30 ಸಾಲೂ ಇಲ್ಲ. ಫೋಲ್ಡರ್ ಪಟ್ಟಿ ತೋರಿಸಬೇಡ, ಕಾನ್ಫಿಗ್ ಮತ್ತು ಎಕ್ಸ್‌ಎಂಎಲ್‌ಆರ್‌ಪಿಸಿ ಮುಚ್ಚು, ವೆಲ್-ನೋನ್ ಬಿಟ್ಟು ಚುಕ್ಕೆ ಫೈಲು ಮುಚ್ಚು, ಲಾಗಿನ್‌ಗೆ ಪಾಸ್‌ವರ್ಡ್ ಕೇಳು, ಆ ಮೂರು ಶೇಕಡಾ ಚಿಹ್ನೆ ತಡೆ. ಅಪ್‌ಲೋಡ್ಸ್ ಒಳಗೆ ಪಿಎಚ್‌ಪಿ ತಡೆಯುವ ಸಾಲು ಆ ಫೋಲ್ಡರಿನದೇ ಪುಟ್ಟ ಫೈಲಿನಲ್ಲಿದೆ. ಅದನ್ನು ತಪ್ಪಿ ಮುಖ್ಯ ಫೈಲಿನಲ್ಲಿ ಹಾಕಿದರೆ ಇಂಡೆಕ್ಸ್ ಫೈಲೂ ಸೇರಿ ಇಡೀ ಬ್ಲಾಗ್ ಮುಚ್ಚುತ್ತದೆ. ಪ್ರತಿ ಸಾಲಿನ ಮೇಲೆ ಯಾವತ್ತು, ಯಾಕೆ ಹಾಕಿದ್ದು ಎಂದು ಒಂದು ಟಿಪ್ಪಣಿ ಇದೆ.

ಬದಲಾವಣೆ ಮಾಡಿದಾಗಲೆಲ್ಲ ಲಾಗಿನ್ ಆಗದ ಬ್ರೌಸರಿನಲ್ಲಿ ಒಂದು ಕನ್ನಡ ಬರಹ ತೆರೆಯುತ್ತೇನೆ, "ಮಳೆ" ಎಂದು ಹುಡುಕುತ್ತೇನೆ, ಒಂದು ಗುಟ್ಟುಪದದ ಬರಹ ತೆರೆಯುತ್ತೇನೆ. ಆಮೇಲೆ ಲಾಗಿನ್ ಆಗಿ ಒಂದು ಡ್ರಾಫ್ಟ್ ಉಳಿಸುತ್ತೇನೆ. ಕಾನ್ಫಿಗ್ ಫೈಲನ್ನು ಹೊರಗಿನಿಂದ ಕೇಳಿ 403 ಬರುತ್ತದೆಯೇ ನೋಡುತ್ತೇನೆ. ಐದು ನಿಮಿಷದ ಕೆಲಸ.

ಆವತ್ತು ಸಂಜೆ ಮೇಷ್ಟ್ರು ಮತ್ತೆ ಫೋನ್ ಮಾಡಿದರು. "ಮಳೆ ಅಂದ್ರೆ ಈಗ ಬರುತ್ತಪ್ಪ. ಆದ್ರೆ ಎಲ್ಲ ಬರಹದಲ್ಲೂ ಮಳೆ ಇದೆ. ನನಗೆ ಬೇಕಾದ್ದು ಇನ್ನೂ ಸಿಕ್ಕಿಲ್ಲ."